ಕ್ಷೇಮವಾಗಿದ್ದಾನೆ ಎಂದು ಬರೆದ ಕಾಗದ

೧೯೯೩ರ ಮಾತು. ಆಗ ನಾನು ಶ್ರೀರಂಗಪಟ್ಟಣದ ನ್ಯಾಯಾಲಯದಲ್ಲಿ ಒಂಬತ್ತು ವರ್ಷ ಪಳಗಿದ ವಕೀಲ. ಪಾಲುಪಟ್ಟಿ, ಬದುವಿನ ಜಗಳ, ಜೊತೆಗೆ ಪಾಂಡವಪುರದ ಕಡೆಯ ಕಾರ್ಖಾನೆ, ಕಲ್ಲು ಕ್ವಾರಿಗಳಲ್ಲಿ ಕೈಕಾಲು ಕಳೆದುಕೊಂಡವರ ಪರಿಹಾರದ ಅರ್ಜಿಗಳು, ಇವೇ ನನ್ನ ಅನ್ನ. ಸಮುದ್ರವನ್ನು ಒಮ್ಮೆ ಮಾತ್ರ ನೋಡಿದ್ದೆ, ಮದುವೆಯಾದ ಹೊಸತರಲ್ಲಿ ಉಡುಪಿಗೆ ಹೋದಾಗ. ಹಡಗಿನವರ ಕಾನೂನು ನನ್ನ ಕಪಾಟಿನಲ್ಲೂ ಇರಲಿಲ್ಲ, ತಲೆಯಲ್ಲೂ ಇರಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬರೆಯುತ್ತೇನೆ ಎಂಬ ಜಂಬ ಮಾತ್ರ ಧಾರಾಳವಾಗಿತ್ತು. ಸುತ್ತಲಿನ ಊರುಗಳಿಂದ ಜನ ಕಾಗದ ಬರೆಸಿಕೊಳ್ಳಲು ಬರುತ್ತಿದ್ದರು, ನಾನೂ ಬರೆದುಕೊಟ್ಟು ಬೀಗುತ್ತಿದ್ದೆ.

ಹಾಗೆ ಬಂದವರಲ್ಲಿ ಒಬ್ಬರು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ತಮ್ಮೇಗೌಡರು. ಅವರ ಕೈಯಲ್ಲಿ ಬೊಂಬಾಯಿಯ ಒಂದು ಹಡಗು ಕಂಪನಿಯ ಪತ್ರವಿತ್ತು. ಅವರ ಮಗ ರಾಮಕೃಷ್ಣ ಐಟಿಐ ಓದಿದ ಫಿಟ್ಟರ್. ಜೊತೆಯಲ್ಲಿ ಓದಿದ ಗಂಜಾಂನ ರಹಮತ್ ಮೊದಲೇ ಹಡಗು ಸೇರಿದ್ದ. ಅವನೇ ಇವನನ್ನೂ ಬೊಂಬಾಯಿಗೆ ಕರೆದೊಯ್ದು ತಾನಿದ್ದ ಸರಕು ಹಡಗಿನ ಎಂಜಿನ್ ರೂಮಿಗೆ ಸೇರಿಸಿದ್ದ. ಕಂಪನಿಯ ಪತ್ರದಲ್ಲಿ ನಾಲ್ಕೇ ಸಾಲು. ನಿಮ್ಮ ಮಗ ವಿದೇಶದ ಬಂದರೊಂದರಲ್ಲಿ ಅನುಮತಿಯಿಲ್ಲದೆ ಹಡಗು ಬಿಟ್ಟು ಹೋಗಿದ್ದಾನೆ, ಅವನ ಸುದ್ದಿಯೇನಾದರೂ ಬಂದಿದ್ದರೆ ತಿಳಿಸಿ ಎಂದಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಗೌಡರು ಟವಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

“ಚೆನ್ನಾಗವ್ನೆ ಅಂತ ಬರೀರಿ ಸ್ವಾಮಿ,” ಎಂದರು.

ಸುದ್ದಿ ಬಂದಿದೆಯೇ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. ಕಾರಣವನ್ನು ಅವರೇ ಹೇಳಿದರು. ಮಗಳು ಮಂಜುಳಾಗೆ ನಾಗಮಂಗಲದ ಕಡೆಯ ಗಂಡು ಗೊತ್ತಾಗಿತ್ತು, ಮದುವೆಗೆ ಇಪ್ಪತ್ತು ದಿನ ಇತ್ತು. ಸುದ್ದಿಯಿಲ್ಲ ಎಂದು ಬರೆದರೆ ಕಂಪನಿಯವರು ಪೊಲೀಸರನ್ನೋ ಇನ್ನಾರನ್ನೋ ವಿಚಾರಿಸಲು ಊರಿಗೆ ಕಳಿಸುತ್ತಾರೆ ಎಂಬ ಭಯ ಅವರಿಗೆ. ಮನೆಯ ಗಂಡುಮಗ ಕಾಣೆಯಾಗಿದ್ದಾನೆ ಎಂಬ ಮಾತು ಹೊರಬಿದ್ದರೆ ಸಾಕು, ಹಿರಿಯರು ಅವನ ಇರವು ತಿಳಿಯಲಿ, ಆಮೇಲೆ ಚಪ್ಪರ ಹಾಕಿ ಎನ್ನುತ್ತಾರೆ. ಸತ್ತಿದ್ದಾನೆ ಎಂದಾದರೆ ವರ್ಷ ತುಂಬುವವರೆಗೆ ಆ ಮನೆಯಲ್ಲಿ ಶುಭಕಾರ್ಯವಿಲ್ಲ. ಗಂಡಿನವರು ಅಷ್ಟು ದಿನ ಕಾಯುವವರಲ್ಲ.

ಚೆನ್ನಾಗಿದ್ದಾನೆ ಎಂಬ ಒಂದು ಮಾತಷ್ಟೇ ಅವರದು. ಬರೀ ಅಷ್ಟು ಬರೆದರೆ ಕಾಗದಕ್ಕೆ ತೂಕವಿರುವುದಿಲ್ಲ ಎಂದು ನನಗೆ ಅನಿಸಿತು. ಮಗನಿಂದ ನಮಗೆ ಪತ್ರ ಬಂದಿದೆ, ಅವನಿಗೆ ದಡದಲ್ಲೇ ಒಳ್ಳೆಯ ಕೆಲಸ ಸಿಕ್ಕಿದೆ, ಕ್ಷೇಮವಾಗಿದ್ದಾನೆ, ತಾವು ಚಿಂತಿಸಬೇಕಾಗಿಲ್ಲ ಎಂದು ನನ್ನ ಕೈಯಾರೆ, ಒಳ್ಳೆಯ ಇಂಗ್ಲಿಷಿನಲ್ಲಿ, ಬರೆದೆ. ಓದಿ ಹೇಳಿದಾಗ ಗೌಡರ ಮುಖ ಅರಳಿತು. “ಅಂಗೇ ಇರ್ಲಿ ಬುಡಿ,” ಎಂದು ರುಜು ಹಾಕಿದರು.

ಮದುವೆ ನಡೆಯಿತು, ಊಟಕ್ಕೆ ನಾನೂ ಹೋಗಿದ್ದೆ. ರಾಮಕೃಷ್ಣನ ಹೆಂಡತಿ ಜಯಮ್ಮ ತಲೆತುಂಬ ಹೂ ಮುಡಿದು ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದರು. ಗಂಡನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ರಜೆ ಸಿಗಲಿಲ್ಲ ಎಂದು ಮಾವ ಹೇಳಿದ್ದನ್ನು ಆಕೆ ನಂಬಿದ್ದರು.

ಎರಡು ವರ್ಷ ಕಳೆದು, ೧೯೯೫ರಲ್ಲಿ, ಅದೇ ಜಯಮ್ಮ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಹಣೆ ಬರಿದಾಗಿತ್ತು. ಜೊತೆಯಲ್ಲಿ ರಹಮತ್ ಇದ್ದ. ಒಂದು ಹಡಗಿನಿಂದ ಇನ್ನೊಂದಕ್ಕೆ ಹತ್ತಿ, ಆ ತಿಂಗಳಷ್ಟೇ ಊರಿಗೆ ಬಂದಿದ್ದ ಅವನು ನಡೆದದ್ದನ್ನು ಹೇಳಿದ.

“ಬಂದರು ಇನ್ನೂ ಎರಡು ದಿನದ ದಾರಿ ಇತ್ತು ಸಾ. ಅಲೆ ಜೋರಾಗಿ ಎದ್ದಿತ್ತು. ಮೇಲ್ಗಡೆ ಡೆಕ್ಕಿನಾಗೆ ಆಯಿಲ್ ಡ್ರಮ್ಮು ಉಳ್ಳಾಡ್ತಾವೆ, ಕಟ್ಬುಟ್ಟು ಬಾ ಅಂತ ಮಧ್ಯಾಹ್ನ ಇವನ್ನ ಕಳ್ಸುದ್ರು. ವಾಪಸ್ ಬರ್ಲೇ ಇಲ್ಲ. ಹಡಗು ಒಂದ್ ಸುತ್ತು ತಿರುಗ್ತು, ಆಮೇಲೆ ಮುಂದಕ್ಕೆ ಓಯ್ತು. ಬಂದರಿಗೆ ಓದ್ಮೇಲೆ ಓಡೋದ ಅಂತ ಬರ್ಕೊಂಡ್ರು. ಓಡೋಗೋನು ಚಪ್ಲಿ ಮಂಚದ ಕೆಳ್ಗೆ ಬುಟ್ಟು ಓಗ್ತಾನಾ ಸಾ? ಖುದಾ ಕಸಮ್, ನಾನು ಅವತ್ತೇ ಬಾಯಿ ಬಿಡ್ಬೇಕಿತ್ತು.”

ಆಗ ನಾನು ಮೈಸೂರಿಗೆ ಹೋಗಿ ಪುಸ್ತಕ ತಂದು ಓದಿದೆ. ಹಡಗಿನಲ್ಲಿ ಏನೇ ನಡೆದರೂ ಕ್ಯಾಪ್ಟನ್ ಅದನ್ನು ಲಾಗ್ ಬುಕ್ ಎಂಬ ದಿನಚರಿಯಲ್ಲಿ ಬರೆಯಬೇಕು. ಅದರಲ್ಲಿ ಬರೆದದ್ದನ್ನು ಸುಳ್ಳೆಂದು ತೋರಿಸುವವರೆಗೆ ನ್ಯಾಯಾಲಯ ನಂಬುತ್ತದೆ. ಕೆಲಸದಲ್ಲಿದ್ದಾಗ ಸತ್ತ ನಾವಿಕನ ಹೆಂಡತಿಗೆ, ಕಾರ್ಖಾನೆಯ ಕೂಲಿಯ ಹೆಂಡತಿಗೆ ಇರುವಂತೆಯೇ, ಪರಿಹಾರದ ಹಕ್ಕಿದೆ. ಸಾವಿನ ಸುದ್ದಿ ತಲುಪಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಸಾಕು. ಆದರೆ ಡೆಸರ್ಟರ್, ಅಂದರೆ ಹಡಗು ಬಿಟ್ಟು ಓಡಿದವನು, ಎಂದು ದಾಖಲಾದವನ ಮನೆಯವರಿಗೆ ಏನೂ ಇಲ್ಲ. ಕಾನೂನಿನ ಕಣ್ಣಲ್ಲಿ ಅವನು ಸತ್ತೂ ಇಲ್ಲ.

ಜಯಮ್ಮನಿಗೆ ಮುಖ್ಯವಾಗಿ ಬೇಕಾಗಿದ್ದುದು ಆ ದಾಖಲೆ ಬದಲಾಗುವುದು. “ಓಡೋದ ಅನ್ನೋದನ್ನ ಅಳಿಸ್ಬೇಕು ಸ್ವಾಮಿ. ಸತ್ತೋದ ಅಂತ ಒಬ್ರಾದ್ರೂ ಬರ್ಕೊಟ್ರೆ ಸಂಗಮದಾಗೆ ಒಂದು ಪಿಂಡ ಇಕ್ಕುಸ್ತೀನಿ,” ಎಂದರು.

ಮಂಡ್ಯದಲ್ಲಿ ಇಂಥ ಪರಿಹಾರದ ಅರ್ಜಿಗಳನ್ನು ಕೇಳುವ ಕಮಿಷನರ್ ಮುಂದೆ ಅರ್ಜಿ ಹಾಕಿದೆ. ಮೂರು ತಿಂಗಳಿಗೆ ಕಂಪನಿಯ ಉತ್ತರ ಬಂತು. ಅದಕ್ಕೆ ಲಗತ್ತಿಸಿದ್ದ ಒಂದು ಜೆರಾಕ್ಸ್ ಪ್ರತಿಯನ್ನು ತೆಗೆದು ನೋಡಿದೆ. ನನ್ನದೇ ಅಕ್ಷರ. ಎರಡು ವರ್ಷದಲ್ಲಿ ಆ ಕಾಗದ ನನಗೆ ಒಮ್ಮೆಯೂ ನೆನಪಾಗಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ದಿನಕ್ಕೆ ನಾಲ್ಕು ಬರೆಯುತ್ತಿದ್ದವನು ನಾನು. ತಂದೆಯೇ ಮಗನ ಪತ್ರ ಬಂದಿದೆ ಎಂದು ಬರೆದಿರುವಾಗ ಅವನು ಸತ್ತದ್ದು ಹೇಗೆ ಎಂದು ಕಂಪನಿ ಕೇಳಿತ್ತು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸುವ ಇನ್ನೊಂದು ದಾರಿ ಕಾನೂನಿನಲ್ಲಿದೆ. ನನ್ನ ಸಾಲು ಅದಕ್ಕೂ ಅಡ್ಡ ಮಲಗಿತ್ತು, ಏಕೆಂದರೆ ಸುದ್ದಿ ಬಂದಿದೆ ಎಂದು ಬರೆದಾಗಿತ್ತು.

ಸಿಂಧಘಟ್ಟಕ್ಕೆ ಹೋಗಿ ತಮ್ಮೇಗೌಡರ ಎದುರು ಕುಳಿತೆ. ಮಗನ ಪತ್ರ ಬಂದೇ ಇರಲಿಲ್ಲ ಎಂದು ಅವರು ಪ್ರಮಾಣ ಮಾಡಿ ಹೇಳಿದರೆ ಸಾಕು ಎಂದು ವಿವರಿಸಿದೆ. ಅವರು ತುಂಬಾ ಹೊತ್ತು ಅತ್ತರು. “ಬತ್ತೀನಿ ಸ್ವಾಮಿ. ಮಗಳ ಮದ್ವೆ ನಿಂತೋಗ್ತದೆ ಅಂತ ಸುಳ್ಳು ಬರೆಸ್ದೆ ಅಂತ ಏಳ್ತೀನಿ,” ಎಂದರು. ಕಾಗದ ಬರೆದವನು ನಾನೇ ಎಂದು ಕಮಿಷನರಿಗೆ ಹೇಳುವ ಪ್ರಮೇಯ ಇನ್ನು ಬರುವುದಿಲ್ಲ ಎಂದು ನನಗೆ ಒಳಗೊಳಗೇ ನಿರಾಳವಾಯಿತು. ಅದನ್ನು ಈಗ ಮುಚ್ಚಿಡುವುದಿಲ್ಲ.

೧೯೯೬ರ ವಿಚಾರಣೆಯ ದಿನ ರಹಮತ್ ಒಂದಕ್ಷರ ಬದಲಿಸದೆ ಸಾಕ್ಷಿ ಹೇಳಿದ. ಇನ್ನು ತನಗೆ ಯಾವ ಹಡಗೂ ಸಿಗುವುದಿಲ್ಲ ಎಂದು ತಿಳಿದೇ ಹೇಳಿದ. ಆದರೆ ಬೀಳುವುದನ್ನು ಕಣ್ಣಾರೆ ನೋಡಿದೆಯಾ ಎಂದು ಕೇಳಿದಾಗ ಇಲ್ಲ ಎನ್ನಬೇಕಾಯಿತು.

ಆಮೇಲೆ ತಮ್ಮೇಗೌಡರ ಸರದಿ. ಅವರನ್ನು ಸ್ಕೂಟರಿನಲ್ಲಿ ಕರೆತಂದವರು ನಾಗಮಂಗಲದ ಅಳಿಯ. ಕರೆತಂದವರು ಹೊರಗೆ ಉಳಿಯಲಿಲ್ಲ, ಬಾಗಿಲ ಬಳಿ ಕೈಕಟ್ಟಿ ನಿಂತರು. ಮಂಜುಳಾಗೆ ಮೊದಲ ಬಸಿರು ನಿಂತಿರಲಿಲ್ಲ, ಈಗ ಎರಡನೆಯದರಲ್ಲಿ ಏಳು ತಿಂಗಳು. ಮಗ ಸತ್ತ ಸೂತಕದಲ್ಲೇ ಧಾರೆ ಎರೆದುಕೊಟ್ಟ ಮಾತು ತಂದೆಯ ಬಾಯಿಂದಲೇ ಆ ಮನೆಗೆ ಹೋದರೆ, ಹೋದ ಬಸಿರಿನ ಲೆಕ್ಕವೂ ಆ ಹುಡುಗಿಯ ತಲೆಗೇ ಬರುತ್ತಿತ್ತು.

ಕಂಪನಿಯ ವಕೀಲರು ಕಾಗದ ತೋರಿಸಿ, ಇದರಲ್ಲಿರುವುದು ನಿಜವೇ ಎಂದು ಕೇಳಿದರು. ಗೌಡರು ಕಾಗದ ನೋಡಲಿಲ್ಲ, ಬಾಗಿಲ ಕಡೆ ನೋಡಿದರು.

“ದಿಟ ಸ್ವಾಮಿ. ನನ್ ಮಗ ಬದುಕವ್ನೆ.”

ಹಿಂದಿನ ಬೆಂಚಿನಿಂದ ಜಯಮ್ಮ ಎದ್ದು ನಿಂತರು. ದನಿ ಏರಿಸಲಿಲ್ಲ. “ಅಂಗಾರೆ ಎಲ್ಲವ್ರೆ ಏಳಿ ಮಾವ. ನಾನೇ ಓಗಿ ಕರ್ಕೊಂಡ್ ಬತ್ತೀನಿ.”

ಕಮಿಷನರ್ ತಲೆ ತಗ್ಗಿಸಿ, ಕೂತ್ಕೊಳ್ಳಿ ಅಮ್ಮ ಎಂದರು. ಆಗ ನಾನು ಎದ್ದು, ಪತ್ರ ಬಂದಿದೆ ಎಂಬ ಸಾಲು ಈ ಮುದುಕರದ್ದಲ್ಲ, ನಾನು ಸೇರಿಸಿದ್ದು ಎನ್ನಬಹುದಿತ್ತು. ವಕಾಲತ್ತು ಬಿಟ್ಟು ಸಾಕ್ಷಿಯ ಕಟಕಟೆ ಹತ್ತಬೇಕಾಗುತ್ತಿತ್ತು, ಹೆಸರು ಕೆಡುತ್ತಿತ್ತು, ಅಷ್ಟೇ. ನಾನು ಕುಳಿತೇ ಇದ್ದೆ. ಹೇಡಿತನಕ್ಕೆ ಬೇರೆ ಹೆಸರು ನನಗೆ ಇವತ್ತಿಗೂ ಸಿಕ್ಕಿಲ್ಲ.

ಅರ್ಜಿ ವಜಾ ಆಯಿತು. ರಾಮಕೃಷ್ಣ ಓಡಿಹೋದವನಾಗಿಯೇ ಉಳಿದ. ರಹಮತ್ ಗಂಜಾಂ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟ. ಮಗ ಬದುಕಿದ್ದಾನೆ ಎಂದು ಮಾವನೇ ಸಾಕ್ಷಿ ನುಡಿದ ಮೇಲೆ ಸೊಸೆ ಬರಿ ಹಣೆಯಲ್ಲಿ ಓಡಾಡುವಂತಿಲ್ಲವಲ್ಲ. ಮನೆಯವರು ಜಯಮ್ಮನಿಗೆ ಮತ್ತೆ ಬಳೆ ತೊಡಿಸಿ ಕುಂಕುಮ ಇಟ್ಟರು. ಗಂಡ ಸತ್ತದ್ದು ಗೊತ್ತಿದ್ದೂ ಆಕೆ ಮುತ್ತೈದೆಯಾಗಿ ಅರಿಶಿನ ಕುಂಕುಮಕ್ಕೆ ಹೋಗಿ ಬರುತ್ತಿದ್ದರು.

ಅಂದಿನಿಂದ ನಾನು ಯಾರಿಗೂ ಕೇಳದೆ ಕಾಗದ ಬರೆದಿಲ್ಲ. ಇದು ನಿಜವಾ, ನಿಮಗೆ ಹೇಗೆ ಗೊತ್ತು, ನಾನು ಬರೆಯದಿದ್ದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಕಕ್ಷಿದಾರರು ರೇಗುತ್ತಾರೆ, ಕೆಲವರು ಎದ್ದು ಹೋಗುತ್ತಾರೆ. ವೃತ್ತಿ ಕಲಿಸಿದ ಪಾಠ ಇದೊಂದೇ, ಕಲಿಯಬೇಕಾದ ಹೊತ್ತಿಗೆ ಕಲಿಯಲಿಲ್ಲ.

೧೯೯೯ರಲ್ಲಿ ತಮ್ಮೇಗೌಡರು ತೀರಿಕೊಂಡರು. ಸಂಗಮದಲ್ಲಿ ಅವರ ಅಸ್ಥಿ ಬಿಟ್ಟ ದಿನ ಜಯಮ್ಮ ನನ್ನ ಆಫೀಸಿಗೆ ಬಂದರು, ಮತ್ತೆ ಅರ್ಜಿ ಹಾಕಬಹುದೇ ಎಂದು ಕೇಳಲು. ಮಾವನ ಸಾಕ್ಷಿ ಅವರ ಜೊತೆ ಸಾಯುವುದಿಲ್ಲ, ದಾರಿ ಕಾಣುವುದಿಲ್ಲ ಎಂದೆ. ಆಮೇಲೆ ತಡೆಯಲಾಗದೆ ಆ ಕಾಗದ ಬರೆದದ್ದು ನಾನೇ, ಪತ್ರ ಬಂದಿದೆ ಎಂದು ಸೇರಿಸಿದ್ದೂ ನಾನೇ ಎಂದೂ ಹೇಳಿಬಿಟ್ಟೆ. ಆಕೆ ಬೈಯಲಿ ಎಂದು ಕಾದೆ.

“ಅದನ್ನ ಒಂದ್ಸಲಿ ಕನ್ನಡದಾಗೆ ಓದಿ ಸ್ವಾಮಿ,” ಎಂದರು.

ಫೈಲಿನಿಂದ ತೆಗೆದು ಓದಿದೆ. ಮಗನಿಂದ ಪತ್ರ ಬಂದಿದೆ. ದಡದಲ್ಲೇ ಒಳ್ಳೆಯ ಕೆಲಸ ಸಿಕ್ಕಿದೆ. ಕ್ಷೇಮವಾಗಿದ್ದಾನೆ. ಆಕೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡರು.

“ಚೆನ್ನಾಗಿ ಬರ್ದಿದ್ದೀರಿ,” ಎಂದು ಎದ್ದು, ಮೆಟ್ಟಿಲಿಳಿದು ಹೋದರು.