ಬರ್ತೀನಿ ಅನ್ನುವ ಮಾತು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಫ್ರೇಮಿಗೆ ತಕ್ಕಂತೆ ಗಾಜು ಕತ್ತರಿಸಿ ಕೂರಿಸುವ ಗಡಿಬಿಡಿ ಮಾವನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಮನುಷ್ಯ. ಆದರೂ ಇಪ್ಪತ್ತಾರು ವರ್ಷದಲ್ಲಿ ಕೈ ತಪ್ಪಿದ್ದಿಲ್ಲ. ಈ ಐದು ವಾರದಲ್ಲಿ ಮಾತ್ರ ಮೂರು ಗಾಜು ಹಾಳುಮಾಡಿದ್ದ. ಮನಸ್ಸೆಲ್ಲ ಮನೆಯ ಬಾಗಿಲ ಮೇಲೆ.

ಆ ಬಾಗಿಲ ಹಿಂದೆ, ಐದು ವಾರದ ಕೆಳಗೆ ಪ್ರಾಣಿಗಳ ಆಶ್ರಯದಿಂದ ತಂದ ನಾಯಿಯಿತ್ತು. ಐದು ವರ್ಷದ ದಾಂಡಿಗ. ಮಾವನಿಗೆ ಮಾತ್ರ ‘ಮರಿ’. ಜೊತೆಗಿದ್ದರೆ ದೇವರಂಥ ಪ್ರಾಣಿ. ಇವನು ಹೊರಟನೋ, ಬೀದಿಗೆಲ್ಲ ಕೇಳುವಂತೆ ಊಳಿಡುವುದು, ಬಾಗಿಲು ಕೆರೆದು ಕೆರೆದು ಉಗುರಲ್ಲಿ ರಕ್ತ ಬರಿಸಿಕೊಳ್ಳುವುದು. ಈಗಾಗಲೇ ಎರಡು ಮನೆಯವರು ಸಾಕಪ್ಪಾ ಸಾಕು ಎಂದು ವಾಪಸ್ ಬಿಟ್ಟಿದ್ದರು. ಕೆಳಗಿನ ಮನೆಯೊಡತಿಯೂ ಸೋಮವಾರ ಕಡ್ಡಿ ಮುರಿದಂತೆ ಹೇಳಿಬಿಟ್ಟಳು: “ಭಾನುವಾರದೊಳಗೆ ಅದರ ಬಾಯಿ ನಿಲ್ಬೇಕು. ಇಲ್ಲಾಂದ್ರೆ ಅದನ್ನ ಎಲ್ಲಿಂದ ತಂದ್ರೋ ಅಲ್ಲೇ ಬಿಟ್ಟುಬನ್ನಿ.”

ಮಾವ ಮಾಡದ ಕಸರತ್ತಿಲ್ಲ. ರೇಡಿಯೊ ಹಾಕಿಟ್ಟ, ತನ್ನ ಹಳೆಯ ಅಂಗಿ ಹಾಸಿದ, ಮೂಳೆ ಕೊಟ್ಟ. ಹೊರಡುವಾಗ ಗದ್ದ ಹಿಡಿದು, “ಬರ್ತೀನಿ ಮರಿ, ಬೇಗ ಬರ್ತೀನಿ, ಬಂದೇ ಬರ್ತೀನಿ” ಎಂದು ರಮಿಸಿದ. ರಮಿಸಿದಷ್ಟೂ ಅದು ನಡುಗಿತು.

ಬುಧವಾರ ಅಕ್ಕ ಬಂದಳು. ತಮ್ಮನಿಗೆ ಬುದ್ಧಿ ಹೇಳಿ, ನಾಯಿಗೂ ನಾಲ್ಕು ಮಾತು ಹೇಳಿ, ಚಹಾ ಕುಡಿದು ಎದ್ದಳು. “ಸರಿ ಕಣೋ, ಬರ್ತೀನಿ.”

ಮಲಗಿದ್ದ ನಾಯಿ ದಡಕ್ಕನೆ ಎದ್ದು ಅವಳ ಚೀಲ ಕಚ್ಚಿ ಹಿಡಿಯಿತು. ಮೈಯೆಲ್ಲ ನಡುಕ. ಮಾವ ಕುರ್ಚಿಯಿಂದ ಅಲ್ಲಾಡಿರಲಿಲ್ಲ. “ನಾನು ಇಲ್ಲೇ ಇದೀನಲ್ಲೋ, ನಿನಗ್ಯಾಕೆ ದಿಗಿಲು?” ಎಂದವನಿಗೆ ತಟ್ಟನೆ ಏನೋ ಹೊಳೆದು, ಆಶ್ರಯದವಳಿಗೆ ಫೋನು ಮಾಡಿದ.

“ಮೇಡಂ, ಇದನ್ನ ಬಿಟ್ಟುಹೋದೋರು ಹೋಗುವಾಗ ಏನಂದ್ರು?”

“ಇನ್ನೇನಂತಾರೆ ಸರ್? ತಲೆ ಸವರಿ ಬರ್ತೀನಿ ಅಂದ್ರು, ಎರಡು ಮನೆಯೋರೂ. ಹೋಗ್ತೀನಿ ಅಂತ ಯಾರಾದ್ರೂ ಅಂತಾರಾ?”

ಮಾವ ಫೋನಿಟ್ಟು ನಾಯಿಯ ಪಕ್ಕ ನೆಲದ ಮೇಲೆ ಕೂತ. ಬಿಟ್ಟುಹೋಗುವ ಮಾತನ್ನೇ ಐದು ವಾರ, ದಿನಕ್ಕೆ ಮೂರು ಮೂರು ಸಲ, ಮುದ್ದಾಡಿ ಹೇಳಿದ್ದ! ಪಾಪ, ಅದು ನಂಬುವುದಾದರೂ ಹೇಗೆ?

ನಾಯಿಗೆ ರೂಢಿ ಮಾಡಿಸಲೆಂದು ಎರಡು ದಿನ ರಜೆ ಹಾಕಿದ. ಹೊರಗೆ ಒಂದು ನಿಮಿಷ, ಒಳಗೆ. ಹೊರಗೆ ಐದು ನಿಮಿಷ, ಒಳಗೆ. ಬಾಯಿ ಮುಚ್ಚಿ ಹೊರಡುವುದು ಮಾತ್ರ ಅವನಿಂದಾಗದು. ಎರಡು ಸಲ ಆ ಮಾತೇ ಜಾರಿತು, ಎರಡು ಸಲವೂ ಊಳು.

ಶನಿವಾರ ಬೆಳಿಗ್ಗೆ, ಮತ್ತೆ ಬಂದಿದ್ದ ಅಕ್ಕನನ್ನೂ ಹೊರಡಿಸಿಕೊಂಡು, ಚಪ್ಪಲಿ ಮೆಟ್ಟಿ, ಜನ್ಮದಲ್ಲಿ ಆಡದ ಮಾತು ಆಡಿದ: “ಮರಿ, ಹೋಗ್ತೀನಿ.”

“ಬಿಡ್ತು ಅನ್ನೋ!” ಅಕ್ಕ ಬಾಯಿಮೇಲೆ ಕೈಯಿಟ್ಟುಕೊಂಡಳು.

ನಾಯಿ ಕಿವಿ ನಿಮಿರಿಸಿ ನೋಡಿತು. ಇಬ್ಬರೂ ಹೊರಬಂದು ಬಾಗಿಲೆಳೆದರು. ಒಳಗೆ ಸಣ್ಣಗೆ ಕುಂಯ್‌ಗುಟ್ಟಿದ್ದು ಕೇಳಿಸಿತು, ಆಮೇಲೆ ಎರಡು ಸಲ ಕೆರೆತ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಅಂಗಡಿಗೆ ಹೊತ್ತಾದರೂ ಮೆಟ್ಟಿಲಿಂದ ಮಾವನಿಗೆ ಕಾಲೇಳಲಿಲ್ಲ.

ಕೆಳಗೆ ಬಾಗಿಲು ತೆರೆಯಿತು. ಮನೆಯೊಡತಿ ಕತ್ತೆತ್ತಿ ಇವರನ್ನು ನೋಡಿದಳು, ಸ್ವಲ್ಪ ಹೊತ್ತು ಕಿವಿಗೊಟ್ಟಳು. ಅವಳ ಮುಖ ಸಪ್ಪಗಾಯಿತು.

“ಅಯ್ಯೋ, ಆಗಲೇ ಬಿಟ್ಟುಬಂದ್ರಾ?”

ಮಾವ ಮುಚ್ಚಿದ ಬಾಗಿಲಿನತ್ತ ತಿರುಗಿದ. “ಇಲ್ಲ,” ಎಂದ, “ಒಳಗಿದೆ.”