ಓಲೆ ಡಬ್ಬಿಯಲ್ಲಿಟ್ಟ ಕಿವಿ ಮಿಷನ್ನು

ಚಿನ್ನದಂಗಡಿಯವರು ಒಡವೆ ಸುತ್ತಿಕೊಡುವ ಆ ತೆಳ್ಳನೆಯ ಗುಲಾಬಿ ಕಾಗದವನ್ನು ನೀವು ಕಂಡೇ ಇರುತ್ತೀರಿ. ನಮ್ಮ ಕಡೆಯ ಹೆಂಗಸರು ಅದನ್ನು ಎಸೆಯುವುದಿಲ್ಲ. ಮಡಿಕೆಯಲ್ಲಿ ಹರಿದರೂ, ಬಣ್ಣ ಬಿಟ್ಟರೂ, ಅದು ಒಡವೆ ಡಬ್ಬಿಯ ತಳದಲ್ಲಿ ಹಾಸಿಗೆಯಾಗಿ ಬಿದ್ದಿರುತ್ತದೆ. ಅಂಥದೊಂದು ಡಬ್ಬಿ, ಅಂಗೈಗಿಂತ ಚಿಕ್ಕದು, ನಮ್ಮೂರಿನ ಪುಟ್ಟತಾಯಮ್ಮನ ಮನೆಯ ಬೀರುವಿನಲ್ಲಿತ್ತು. ಅದರಲ್ಲಿ ಆಕೆಯ ಚಿನ್ನದ ಓಲೆಗಳಿದ್ದವು. ಆ ಓಲೆಗಳ ಮಗ್ಗುಲಲ್ಲೇ, ಅದೇ ಗುಲಾಬಿ ಕಾಗದ ಹೊದ್ದುಕೊಂಡು, ಆಕೆಯ ಮೊಮ್ಮಗಳು ಸಿಂಚನಾಳ ಎರಡು ಕಿವಿ ಮಿಷನ್ನುಗಳೂ ಐದು ತಿಂಗಳು ಮಲಗಿದ್ದವು. ಅಷ್ಟು ಸಣ್ಣ ಡಬ್ಬಿಯ ಮೇಲೆ ಅಷ್ಟು ದೊಡ್ಡ ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ನಾನು ರಾವಂದೂರಿನ ಹತ್ತಿರದ ಒಂದು ಹಳ್ಳಿಯ ಅಂಗನವಾಡಿ ಟೀಚರು. ಮೂರು ವರ್ಷ ತುಂಬುತ್ತಿದ್ದಾಗ ಸಿಂಚನ ನಮ್ಮಲ್ಲಿಗೆ ಬಂದಳು. ಹಿಂದಿನಿಂದ ಎಷ್ಟು ಕರೆದರೂ ತಿರುಗುತ್ತಿರಲಿಲ್ಲ. ಉಳಿದ ಮಕ್ಕಳು ತಿರುಗಿದ್ದನ್ನು ಕಂಡು ತಾನೂ ತಿರುಗುತ್ತಿದ್ದಳು. ಇದು ಹಟವೆಂದು ಕೆಲವು ದಿನ ನಾನೇ ಗದರಿಸಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಆಮೇಲೆ ಸರ್ಕಾರದಿಂದ ಮಕ್ಕಳ ತಪಾಸಣೆಗೆ ಬಂದವರು ನೋಡಿ ಮೈಸೂರಿಗೆ ಕಳಿಸಿದರು. ಎರಡೂ ಕಿವಿ ಮಂದವಿದ್ದವು. ಮಿಷನ್ನು ಹಾಕಿದರೆ ಕೇಳುತ್ತದೆ ಎಂದರು. ಸರ್ಕಾರದ ಖರ್ಚಿನಲ್ಲೇ ಕೊಟ್ಟರು. ಮಾತು ಕಲಿಯುವ ವಯಸ್ಸು ಇದೇ, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಇವು ಕಿವಿಯಲ್ಲಿರಬೇಕು, ಈಗ ಕಳೆದ ದಿನ ಮತ್ತೆ ಸಿಕ್ಕುವುದಿಲ್ಲ ಎಂದು ಕಿವಿ ಪರೀಕ್ಷೆ ಮಾಡಿದ ಮೇಡಂ ಒತ್ತಿ ಒತ್ತಿ ಹೇಳಿದರು. ಜೊತೆಗೆ ಹೋಗಿದ್ದ ನಾನು ಅದನ್ನೆಲ್ಲ ಮನೆಯವರಿಗೆ ಮತ್ತೊಮ್ಮೆ ಬಿಡಿಸಿ ಹೇಳಿ, ಕೊನೆಗೆ ನನ್ನದೂ ಒಂದಿರಲಿ ಎಂದು, "ತುಂಬ ಬೆಲೆಯದು ಕಣಮ್ಮ, ಜೋಪಾನ" ಎಂದೆ. ಅವರು ಮೇಡಂ ಹೇಳಿದ್ದನ್ನು ಮರೆತು ನಾನು ಹೇಳಿದ್ದನ್ನು ನೆನಪಿಟ್ಟುಕೊಂಡರು.

ಜೋಪಾನವೆಂದರೆ ನಮ್ಮ ಕಡೆ ಏನರ್ಥ ಎಂಬುದನ್ನು ನಾನಾದರೂ ಯೋಚಿಸಬೇಕಿತ್ತು. ಹೊಸ ಸ್ಕೂಟರಿನ ಸೀಟಿಗೆ ಹೊದಿಸಿದ ಪ್ಲಾಸ್ಟಿಕ್ಕು ತಾನಾಗಿ ಚೂರುಚೂರಾಗಿ ಉದುರುವವರೆಗೆ ನಾವು ಅದನ್ನು ಕೀಳುವವರಲ್ಲ. ಮದುವೆಯ ಸೀರೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಮುದಿಯಾಗುತ್ತದೆ. ಗಾಜಿನ ಲೋಟಗಳು ಯಾರ ತುಟಿಯನ್ನೂ ಮುಟ್ಟದೆ ಶೋಕೇಸಿನಲ್ಲೇ ಆಯುಷ್ಯ ಕಳೆಯುತ್ತವೆ. ಒಳ್ಳೆಯದನ್ನು ಬಳಸದೆ ಇಡುವುದೇ ಅದಕ್ಕೆ ನಾವು ತೋರುವ ಮರ್ಯಾದೆ. ಹಾಗಾಗಿ ಸಿಂಚನಾಳ ಮಿಷನ್ನುಗಳು ಮದುವೆಗೆ, ನಾಮಕರಣಕ್ಕೆ, ಹುಣಸೂರಿನ ನೆಂಟರು ಬಂದಾಗ ಹೊರಬಂದು, ಮುಗಿದೊಡನೆ ಸೆರಗಿನಲ್ಲಿ ಒರೆಸಿಕೊಂಡು ಡಬ್ಬಿ ಸೇರುತ್ತಿದ್ದವು. ಮಗುವಿಗೋ, ಲೋಕದ ಸದ್ದೆಂದರೆ ವಾಲಗ, ಮೈಕು, ನೂರು ಜನರ ಗದ್ದಲ ಅಷ್ಟೇ ಆಯಿತು. ಅವಳು ಹೆದರಿ ಅತ್ತಳು. ಅತ್ತದ್ದನ್ನು ಕಂಡು ಮನೆಯವರು, ಇದು ಕೂಸಿಗೆ ಒಗ್ಗುವುದಿಲ್ಲ ಎಂದು ತೀರ್ಮಾನಿಸಿದರು.

ಅಂಗನವಾಡಿಗೆ ಬರಿಗಿವಿಯಲ್ಲಿ ಬಂದಾಗಲೆಲ್ಲ ನಾನು ಕೇಳುವುದು, "ನಾಳಿಂದ ಹಾಕ್ತೀವಿ" ಎಂದು ಅವರು ಹೇಳುವುದು ನಡೆದೇ ಇತ್ತು. ಕೊನೆಗೆ ಒಂದು ಮಧ್ಯಾಹ್ನ ಮನೆಗೇ ಹೋದೆ. ಸಿಂಚನಾಳ ತಾಯಿ ಸವಿತ ಹೊಗೆಸೊಪ್ಪು ಕಟ್ಟಲು ಹೋಗಿದ್ದಳು. ಪುಟ್ಟತಾಯಮ್ಮ ಬೀರು ತೆಗೆದು, ಡಬ್ಬಿ ತೆಗೆದು, ಗುಲಾಬಿ ಕಾಗದ ಬಿಡಿಸಿ, ಒಂದಿಷ್ಟೂ ಮಾಸದ ಮಿಷನ್ನುಗಳನ್ನು ಹೆಮ್ಮೆಯಿಂದಲೇ ತೋರಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಮಣ್ಣಲ್ಲಾಡೋ ಕೂಸು ಟೀಚರಮ್ಮ. ಬಿದ್ದೋದ್ರೆ ಸರ್ಕಾರ್ದೋರು ಇನ್ನೊಂದ್ ಕೊಟ್ಟಾರ? ನೀವೇ ಅಲ್ವ ಜ್ವಾಪಾನ ಅಂದಿದ್ದು?"

"ಇದು ಒಡವೆ ಅಲ್ಲ ಕಣಮ್ಮ, ಮಗುವಿನ ಕಿವಿ. ಕಿವೀನ ಯಾರಾದ್ರೂ ಬೀರುನಲ್ಲಿ ಇಡ್ತಾರಾ?"

ಪುಟ್ಟತಾಯಮ್ಮ ಸೋಲುವ ಹೆಂಗಸಲ್ಲ. "ನಿಮ್ ಅಂಗನವಾಡಿ ಬೀರುನಲ್ಲಿ ಆಟದ್ ಸಾಮಾನು ಬೀಗ ಹಾಕ್ಕಂಡ್ ಕುಂತವಲ್ಲ, ದೊಡ್ಡೋರ್ ಬಂದಾಗ ಮಾತ್ರ ಆಚೆಗ್ ಬತ್ತವೆ. ಅವೂ ಮಕ್ಕಳ್ದೇ ಅಲ್ವ ಟೀಚರಮ್ಮ?" ಎಂದಳು.

ಆಕೆ ಹೇಳಿದ್ದು ನಿಜವೇ. ಬಣ್ಣದ ಬ್ಲಾಕುಗಳು, ಅಂಗಡಿಯವರು ಕಟ್ಟಿದ ಕೂದಲಬಲೆ ಇನ್ನೂ ತಲೆಯಲ್ಲೇ ಇದ್ದ ಬೊಂಬೆಗಳು, ಕವರು ಬಿಚ್ಚದ ಒಂದು ಪುಟ್ಟ ವಾದ್ಯ, ಎಲ್ಲವನ್ನೂ ನಾನು ಬೀಗದೊಳಗೆ ಕಾಪಾಡಿದ್ದೆ. ಮುರಿದರೆ ಮೇಲಿನವರು ಕೇಳಿಯಾರು ಎಂಬ ಭಯಕ್ಕೆ ನಾನೂ ಜೋಪಾನವೆಂದು ಹೆಸರಿಟ್ಟಿದ್ದೆ. ಮರುದಿನ ಬೀರು ತೆರೆದು ಎಲ್ಲವನ್ನೂ ಚಾಪೆಯ ಮೇಲೆ ಸುರಿದು, ಪುಟ್ಟತಾಯಮ್ಮನಿಗೆ ಹೇಳಿಕಳಿಸಿದೆ. ಆಕೆ ಬರುವಷ್ಟರಲ್ಲಿ ಒಂದು ಬೊಂಬೆಯ ಕೈ ಕಿತ್ತು ಬಂದಿತ್ತು. "ನೋಡಿ, ನಾನು ಬೀಗ ತೆಗೆದೆ, ಇನ್ನು ನಿಮ್ಮ ಸರದಿ" ಎಂದೆ. ಆಕೆ ಆ ಕೈಯಿಲ್ಲದ ಬೊಂಬೆಯನ್ನೂ ನನ್ನನ್ನೂ ನೋಡಿ ನಕ್ಕು, "ಆಗ್ಲಿ ಬುಡಿ" ಎಂದಳು.

ಆವತ್ತಿನಿಂದ ಹಿಡಿದ ಹಟವನ್ನು ನಾವು ಬಿಟ್ಟಿಲ್ಲ. ಮಿಷನ್ನು ಜಾರಿ ಬೀಳದಂತೆ ಮೆತ್ತನೆಯ ದಾರ ಹೊಸೆದು, ಅದನ್ನು ಫ್ರಾಕಿನ ಬೆನ್ನಿಗೆ ಪಿನ್ನು ಹಾಕಿ ಸಿಕ್ಕಿಸಿದವಳು ಪುಟ್ಟತಾಯಮ್ಮನೇ. ಗದ್ದಲವಿಲ್ಲದ ಹಿತ್ತಿಲಲ್ಲಿ ಮೊದಲು ಅರ್ಧ ಗಂಟೆ; ಮೊರದ ಮೇಲೆ ಅವರೆಕಾಳು ಸುರಿಯುವ ಸದ್ದು, ಕೋಳಿಯ ಸದ್ದು, ಅಜ್ಜಿಯ ಗೊಣಗಾಟ. ಸಿಂಚನ ಕಿತ್ತೆಸೆಯುವುದು, ನಾವು ಮತ್ತೆ ಹಾಕುವುದು. ಕೆಲವು ತಿಂಗಳಲ್ಲಿ ಮಿಷನ್ನು ಕುಯ್ಯೆಂದು ಸಿಳ್ಳೆ ಹಾಕತೊಡಗಿತು. ಕೆಟ್ಟಿತೆಂದು ನೆರೆಹೊರೆಯವರು ತೀರ್ಪು ಕೊಟ್ಟರು. ಮಿಷನ್ನನ್ನು ನುಂಗಲು ಡಬ್ಬಿ ಮತ್ತೆ ಬಾಯಿ ತೆರೆಯಿತು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು, ಸವಿತಳನ್ನೂ ಹೊರಡಿಸಿಕೊಂಡು, ಬಸ್ಸು ಬದಲಿಸುತ್ತ ಮೈಸೂರಿಗೆ ಹೋದೆ. ಕೆಟ್ಟದ್ದು ಏನೂ ಇರಲಿಲ್ಲ, ಕಿವಿ ಬೆಳೆದಿತ್ತು, ಒಳಗೆ ಕೂರುವ ಅಚ್ಚು ಸಡಿಲವಾಗಿತ್ತು. ಹೊಸ ಅಚ್ಚು ತೆಗೆದುಕೊಟ್ಟರು. ಮಕ್ಕಳ ಕಿವಿಯೂ ಬೆಳೆಯುತ್ತದೆಂಬುದು ಇಷ್ಟು ವರ್ಷ ಮಕ್ಕಳ ನಡುವೆಯೇ ಇದ್ದ ನನಗೆ ಹೊಳೆದೇ ಇರಲಿಲ್ಲ.

ಬಸ್ಸಿನಲ್ಲಿ ಬರುವಾಗ ಒಂದು ಯೋಚನೆ ಬಂತು. ಸರ್ಕಾರ ಕೊಟ್ಟದ್ದು ಎನ್ನುತ್ತೇವಲ್ಲ, ಅದರಲ್ಲಿ ಪುಟ್ಟತಾಯಮ್ಮ ಕೊಂಡ ಸೋಪಿನ, ಬೆಂಕಿಪೊಟ್ಟಣದ ಮೇಲಿನ ತೆರಿಗೆಯ ಪಾಲೂ ಇದೆ, ನಿಮ್ಮ ಪಾಲೂ ಇದೆ. ಊರೆಲ್ಲ ಸೇರಿ ಒಂದು ಮಗುವಿಗೆ ಕಿವಿ ಕೊಡಿಸಿ, ಆಮೇಲೆ ಅದನ್ನು ಬೀರುವಿನಲ್ಲಿ ಕೊಳೆಯಲು ಬಿಟ್ಟರೆ ಏನು ಬಂತು? ಕೊಟ್ಟ ದಿನವೇ ಕೆಲಸ ಮುಗಿಯಿತೆಂದು ಕೈತೊಳೆದುಕೊಂಡವರಲ್ಲಿ ನಾನೂ ಒಬ್ಬಳು. ಇನ್ನು ಹಾಗಾಗಲು ಬಿಡುವುದಿಲ್ಲ.

ಹೋದ ವಾರ, ಬ್ಲಾಕು ಜೋಡಿಸುತ್ತಿದ್ದ ಸಿಂಚನ ತಟ್ಟನೆ ನಿಲ್ಲಿಸಿದಳು. ಬಲಗಿವಿಯದನ್ನು ಕಿತ್ತು ತಂದು ನನ್ನ ಕೈಗಿಟ್ಟು, "ಇಲ್ಲ" ಎಂದಳು. ಸೆಲ್ಲು ಮುಗಿದಿತ್ತು. ಮೌನವೇ ಲೋಕವೆಂದುಕೊಂಡಿದ್ದ ಮಗುವಿಗೆ ಈಗ ಸದ್ದು ನಿಂತರೆ ಗೊತ್ತಾಗುತ್ತದೆ. ಮಕ್ಕಳೆದುರು ಅಳಬಾರದೆಂದುಕೊಂಡೂ ಅತ್ತುಬಿಟ್ಟೆ. ಅವಳಿಗೆ ಬರುವುದು ಬೆರಳೆಣಿಕೆಯ ಮಾತುಗಳು. ಅವಳ ಓರಗೆಯವರು ಆಗಲೇ ಚಾಡಿ ಹೇಳುವಷ್ಟು ಬಲಿತಿದ್ದಾರೆ. ಅವಳೂ ನನ್ನ ಮೇಲೆ ಚಾಡಿ ಹೇಳುವವರೆಗೆ ನಾನು ಸುಮ್ಮನಿರುವುದಿಲ್ಲ.

ಸುದ್ದಿ ಕೇಳಿ ಪುಟ್ಟತಾಯಮ್ಮ ಕೊಟ್ಟಿಗೆಯಿಂದಲೇ ಕೈತೊಳೆದುಕೊಂಡು ಬಂದಳು. ಸೊಂಟದ ಚೀಲದಿಂದ ಅದೇ ಡಬ್ಬಿ ಹೊರಬಂತು. ಗುಲಾಬಿ ಕಾಗದದ ಮೇಲೆ ಈಗ ಇದ್ದದ್ದು ಗುಂಡಿಯಂಥ ಪುಟ್ಟ ಸೆಲ್ಲುಗಳು ಮಾತ್ರ. ಬಗ್ಗಿ ಸೆಲ್ಲು ಬದಲಿಸುತ್ತಿದ್ದ ಆಕೆಯ ಕಿವಿಯಲ್ಲಿ ಚಿನ್ನದ ಓಲೆ ಹೊಳೆಯುತ್ತಿತ್ತು, ಯಾವ ಹಬ್ಬವೂ ಇಲ್ಲದ ಮಂಗಳವಾರ. ಏನು ವಿಶೇಷವೆಂದು ಕೇಳಿದೆ.

"ಡಬ್ಬೀನೆ ಕೂಸಿನ್ ಸೆಲ್ಲಿಗೆ ಆಯ್ತಲ್ಲ ಟೀಚರಮ್ಮ. ಓಲೆ ಇನ್ನೆಲ್ಲಿಡ್ಲಿ? ಹಾಕ್ಕಂಡೆ."

ಹಾಗೆಂದು ಮೊಮ್ಮಗಳ ಕಿವಿಗೆ ಮಿಷನ್ನು ಸಿಕ್ಕಿಸಿ, ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚಿದಳು. ಬ್ಲಾಕುಗಳ ಕಡೆ ಹೊರಟಿದ್ದ ಸಿಂಚನ ಆ ಸದ್ದಿಗೆ ತಿರುಗಿ ನೋಡಿದಳು.