ಡಾಕ್ಟರು ಫೇಲು ಮಾಡಿದ ಬೀಗತನ

ಇಂಟರ್‌ಮೀಡಿಯಟ್‌ನಲ್ಲಿ ನಾನು ಎರಡನೇ ಸಲವೂ ನಪಾಸಾದಾಗ ಸೋದರಮಾವ ಒಂದು ಚರ್ಮದ ಕೈಚೀಲ ತಂದುಕೊಟ್ಟು, ನಾಳೆಯಿಂದ ನೀನು ಇನ್ಶೂರೆನ್ಸ್ ಏಜೆಂಟ್ ಎಂದು ಅಪ್ಪಣೆ ಮಾಡಿಬಿಟ್ಟರು. ಆಗಿನ್ನೂ ಸರ್ಕಾರ ವಿಮಾ ಕಂಪನಿಗಳನ್ನೆಲ್ಲ ತನ್ನ ಕೈಗೆ ತೆಗೆದುಕೊಂಡು ಬಹಳ ದಿನವಾಗಿರಲಿಲ್ಲ. ಸರ್ಕಾರದ್ದು ಎಂದ ಮೇಲೆ ಮಗನದೂ ಸರ್ಕಾರಿ ನೌಕರಿಯೇ ಎಂದು ನನ್ನ ತಾಯಿ ಓಣಿಗೆಲ್ಲ ಹೇಳಿಕೊಂಡು ಬಂದರು. ಸಂಬಳ ಇಲ್ಲ, ಬರೀ ಕಮಿಷನ್ ಎಂದು ತಿದ್ದುವಷ್ಟು ಧೈರ್ಯ ನನಗೂ ಇರಲಿಲ್ಲ. ದುಡ್ಡನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ಊರಿಗೆ ಬುದ್ಧಿ ಹೇಳುವುದು ನನ್ನ ಉದ್ಯೋಗ. ನನ್ನ ಜೇಬಿನಲ್ಲಿ ಕಾಪಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕೈಚೀಲದಲ್ಲಿ ವಿಮೆಯ ಕಾಗದಗಳ ಕೆಳಗೆ ಮಧ್ಯಾಹ್ನಕ್ಕೆಂದು ಕಟ್ಟಿಸಿಕೊಂಡ ಮಂಡಕ್ಕಿ ಪೊಟ್ಟಣ ಇರುತ್ತಿತ್ತು.

ಕೆಲಸ ಶುರು ಮಾಡಿದ ಮೇಲೆ ಗೊತ್ತಾಯಿತು, ದಾವಣಗೆರೆಯಲ್ಲಿ ಸಾವಿನ ಮಾತೆತ್ತುವುದಕ್ಕೆ ಹೊತ್ತೇ ಇಲ್ಲ. ಬೆಳಿಗ್ಗೆ ಬೋಣಿ ಆಗುವ ತನಕ ಅಂಗಡಿಯವರು ನನ್ನನ್ನು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಮೊದಲ ಗಿರಾಕಿ ಬರುವ ಮುಂಚೆ ನಾನು ಬಂದರೆ ಅವತ್ತಿನ ವ್ಯಾಪಾರಕ್ಕೆ ಕಲ್ಲು ಬಿತ್ತು ಎಂದೇ ಲೆಕ್ಕ. ಬೋಣಿ ಆದ ಮೇಲೆ ವ್ಯಾಪಾರದ ಗದ್ದಲ. ಮಧ್ಯಾಹ್ನ ಊಟ, ಆಮೇಲೆ ಗಾದಿಗೆ ಒರಗಿ ನಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ಲಕ್ಷ್ಮಿ ಒಳಗೆ ಬರುವ ಹೊತ್ತು, ಆಗಂತೂ ಕೂಡದು. ಸೋಮವಾರ ಬಸವಣ್ಣನ ವಾರ, ಶುಕ್ರವಾರ ಲಕ್ಷ್ಮಿಯ ವಾರ, ಅಮಾವಾಸ್ಯೆಯಂತೂ ಕೇಳಲೇಬೇಡಿ. ಕೊನೆಗೆ ನನಗೆ ಉಳಿದದ್ದು ಊಟಕ್ಕೂ ನಿದ್ದೆಗೂ ನಡುವೆ ಎಲೆ ಅಡಿಕೆ ಮೆಲ್ಲುವ ಹೊತ್ತು. ಇಡೀ ಊರಿನ ಭವಿಷ್ಯವನ್ನು ನಾನು ಅಷ್ಟರಲ್ಲೇ ಭದ್ರ ಮಾಡಬೇಕಿತ್ತು.

'ಸಾವು ಅನ್ನೋ ಪದ ಬಾಯಲ್ಲಿ ಬರಲೇಬಾರದು, ಒಂದು ವೇಳೆ ಅನ್ನು ಸಾಕು' ಎಂದು ನಮ್ಮ ಫೀಲ್ಡ್ ಆಫೀಸರು ಪಾಠ ಹೇಳಿಕೊಟ್ಟಿದ್ದರು. ಹತ್ತಿ ಅಡತಿ ಅಂಗಡಿಯ ಸಾವ್ಕಾರರ ಮುಂದೆ ಕೂತು ನಾನು ಬಹಳ ನಯವಾಗಿ, 'ಒಂದು ವೇಳೆ...' ಎಂದೆ.

'ಒಂದು ವೇಳೆ ಏನು?' ಎಂದರು ಅವರು.

'ಏನಾದ್ರೂ ಹೆಚ್ಚುಕಮ್ಮಿ ಆದ್ರೆ...'

'ಯಾರಿಗೆ?'

ನಾನು ಅವರ ಎದೆಯ ಕಡೆ ಕೈ ತೋರಿಸಿದೆ. ಅವರು ತಾಂಬೂಲ ಉಗುಳಿ ಬಂದು ಲೆಕ್ಕ ಹಾಕಿದರು. 'ಅಂದ್ರೆ ನಾನು ಬದುಕಿದ್ರೆ ನಿಮಗೆ ಲಾಭ, ಸತ್ರೆ ನಮ್ಮ ಮನ್ಯಾಗಿನೋರಿಗೆ ಲಾಭ. ಹಿಂಗಾದ್ರೆ ನಾನು ಯಾವಾಗ ಸಾಯ್ತೀನಿ ಅಂತ ಅವರು ಕಾಯಾಕ ಶುರು ಮಾಡ್ತಾರಲ್ಲೋ ತಮ್ಮಾ! ಏಳು, ಏಳು.'

ಟ್ರಂಕು ಮಾಡುವ ಸಾಬರೊಬ್ಬರು ಮಾತ್ರ ಸುತ್ತಿಗೆ ಕೆಳಗಿಟ್ಟು, 'ಮೌತ್, ಸಾವು ಅನ್ನೋದು ಮ್ಯಾಲಿನವನ ಕೈಯಾಗೈತೆ ಬೇಟಾ, ಅದಕ್ಕೆ ನಾನು ಯಾಕ ಕಂತು ಕಟ್ಟಲಿ? ಬಾ, ಚಾ ಕುಡಿ' ಎಂದರು. ಆ ವರ್ಷದಲ್ಲಿ ನನಗೆ ಚಹಾ ಕೊಟ್ಟು ಪಾಲಿಸಿ ಬೇಡವೆಂದವರು ಅವರೊಬ್ಬರೇ. ಉಳಿದವರು ಚಹಾ ಕೊಡದೆಯೇ ಬೇಡವೆಂದರು.

ಇಂಥ ಸ್ಥಿತಿಯಲ್ಲಿ ಮನೆಯವರು ನನಗೆ ಹೆಣ್ಣು ನೋಡಲು ಹರಿಹರಕ್ಕೆ ಹೊರಟರು. ಹುಡುಗಿಯ ತಂದೆ ಬೆಲ್ಲದ ವ್ಯಾಪಾರಿ. ಹರೆಯದಲ್ಲಿ ಗರಡಿಯ ಮಣ್ಣಿನಲ್ಲಿ ಕುಸ್ತಿ ಆಡಿದವರು, ಈಗಲೂ ದಿನಾ ಬೆಳಿಗ್ಗೆ ಹೊಳೆಯಲ್ಲಿ ಈಜಿ ಬಂದು ಒಂದು ಅಚ್ಚು ಬೆಲ್ಲ ಕಡಿದು ತಿನ್ನುವವರು. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ನನ್ನನ್ನು ಕಂಡವರೇ ನನ್ನ ಹಿಂದೆ ಇಣುಕಿ ನೋಡಿದರು, ವರ ಇನ್ನೂ ಬರಬೇಕೇನೋ ಎಂಬಂತೆ.

ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು ಕೂತಳು. ಏನಾದರೂ ಕೇಳುವುದಿದ್ದರೆ ಕೇಳಮ್ಮ ಎಂದು ನಮ್ಮ ತಾಯಿ ಉಪಚಾರಕ್ಕೆ ಹೇಳಿದರು. ಅವಳು ತಲೆ ಎತ್ತಿ, 'ಇನ್ಶೂರೆನ್ಸ್ ಅಂದ್ರೆ ಏನ್ರಿ?' ಎಂದು ಕೇಳಿಯೇಬಿಟ್ಟಳು. ನಾನು ಹೇಳಿದೆ. ಉಪ್ಪಿಟ್ಟು ಆರಿ ಗಟ್ಟಿಯಾಗುವ ತನಕ ಹೇಳಿದೆ. ಅವಳು ಎದ್ದು ಹೋಗಲಿಲ್ಲ, ಆಕಳಿಸಲಿಲ್ಲ, ನಡುವೆ ಒಂದೆರಡು ಸಲ ಹೌದಾ ಎಂದೂ ಅಂದಳು. ನನ್ನ ಮಾತನ್ನು ಕೊನೆಯವರೆಗೆ ಕೇಳಿದ ಮೊದಲ ಜೀವ ಅದು. ಅಲ್ಲೇ ಮನಸ್ಸು ಕೊಟ್ಟುಬಿಟ್ಟೆ. ಬಣ್ಣ, ಮೂಗು, ಕೂದಲು ಇತ್ಯಾದಿಗಳನ್ನು ಆಮೇಲೆ ದಾರಿಯಲ್ಲಿ ನಮ್ಮ ತಾಯಿ ವರ್ಣಿಸಿದಾಗಲೇ ನನಗೆ ತಿಳಿದದ್ದು.

ಹುಡುಗಿಯ ತಂದೆ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 'ಹುಡುಗ ಮಾತಾಡ್ತಾನೆ, ಖರೆ. ಆದ್ರೆ ಉದ್ಯೋಗ ನೆಲೆ ನಿಲ್ಲಬೇಕಲ್ರಿ. ಈ ವರ್ಷ ನೋಡ್ತೀನಿ. ಇಲ್ಲಾಂದ್ರೆ ರಾಣೆಬೆನ್ನೂರಾಗೆ ಒಬ್ಬ ಮೇಷ್ಟ್ರು ಕೇಳ್ಯಾನೆ' ಎಂದು ಕೈ ತೊಳೆದುಕೊಂಡರು. ರೈಲಿನಲ್ಲಿ ವಾಪಸು ಬರುತ್ತಾ ನಾನು ಆ ಕಾಣದ ಮೇಷ್ಟರನ್ನು ಮನಸಾರೆ ಬೈದೆ.

ಉದ್ಯೋಗ ನೆಲೆ ನಿಂತದ್ದು ನನ್ನ ಜಾಣತನದಿಂದಲ್ಲ. ಮಂಡಿಪೇಟೆಯ ಅಕ್ಕಿ ವ್ಯಾಪಾರಿಯೊಬ್ಬರು ನನ್ನ ಕಾಟ ತಾಳಲಾರದೆ ಒಂದು ಸಣ್ಣ ಪಾಲಿಸಿಗೆ ಒಪ್ಪಿದ್ದರು. ಪಾಲಿಸಿ ಕೊಡುವ ಮುಂಚೆ ವಿಮೆಯ ಕಚೇರಿ ಗೊತ್ತುಮಾಡಿದ ಡಾಕ್ಟರು ಮೈ ಪರೀಕ್ಷೆ ಮಾಡಬೇಕು. ಡಾಕ್ಟರು ಅವರ ಎದೆ, ಹೊಟ್ಟೆ, ನಾಲಿಗೆ ಎಲ್ಲ ನೋಡಿ, 'ಫಸ್ಟ್ ಕ್ಲಾಸ್' ಎಂದು ಬೆನ್ನು ತಟ್ಟಿ ಕಳಿಸಿದರು. ಅಷ್ಟೇ ಸಾಕಾಯಿತು. ಆ ಯಜಮಾನರು ಪಾಲಿಸಿ ಮರೆತರು, ಹೆಂಡತಿ ಮಕ್ಕಳ ಭವಿಷ್ಯ ಮರೆತರು, ಪೇಟೆಯ ತುಂಬ 'ಸರ್ಕಾರದ ಡಾಕ್ಟ್ರು ನನ್ನ ಮೈ ಫಸ್ಟ್ ಕ್ಲಾಸ್ ಅಂದಾರೆ' ಎಂದು ಹೇಳುತ್ತಾ ತಿರುಗಿದರು. ಎದುರು ಸಾಲಿನ ಅಂಗಡಿಯವರೊಬ್ಬರಿಗೆ ಹೊಟ್ಟೆ ಉರಿಯಿತು. ಮರುದಿನವೇ ನನ್ನನ್ನು ಕೂಗಿ ಕರೆದರು, ಅದೂ ಬೋಣಿಗೆ ಮುಂಚೆ!

'ಆ ಡೊಳ್ಳೊಟ್ಟಿಯೋನು ಫಸ್ಟ್ ಕ್ಲಾಸ್ ಆದ್ರೆ ನಾನೇನು? ಕರ್ಕೊಂಡು ಹೋಗು ನನ್ನ.'

ಅಂದಿನಿಂದ ನಾನು ಸಾವಿನ ಮಾತು ಬಿಟ್ಟೆ, ಒಂದು ವೇಳೆಯನ್ನೂ ಬಿಟ್ಟೆ. 'ಎಲ್ಲರಿಗೂ ಕೊಡಲ್ಲ ಯಜಮಾನ್ರೆ. ಮೈ ಗಟ್ಟಿ ಇದ್ದೋರಿಗೆ ಮಾತ್ರ' ಎಂದು ಹೇಳಿ ಸುಮ್ಮನಾಗುತ್ತಿದ್ದೆ. ಪಾಲಿಸಿಗಳು ಒಂದರ ಹಿಂದೊಂದು ಆಗತೊಡಗಿದವು. ಫೀಲ್ಡ್ ಆಫೀಸರು ನನ್ನನ್ನು ಉಳಿದ ಏಜೆಂಟರ ಮುಂದೆ ನಿಲ್ಲಿಸಿ ಹೊಗಳಿದರು, ಜನರಲ್ಲಿ ಕುಟುಂಬದ ಜವಾಬ್ದಾರಿ ಬೆಳೆಸಿದವನು ಎಂದು. ನಾನು ಬೆಳೆಸಿದ್ದು ಪೇಟೆಯ ಮತ್ಸರವನ್ನು.

ಗೆಲುವು ತಲೆಗೇರಿತು. ಇದೇ ಮಂತ್ರವನ್ನು ಹರಿಹರದಲ್ಲೂ ಊದಿದರೆ ಉದ್ಯೋಗವೂ ಕಾಣುತ್ತದೆ, ಮಾವನಾಗುವವರೂ ಖುಷಿಯಾಗುತ್ತಾರೆ ಎಂದು ಬೆಲ್ಲದಂಗಡಿಗೆ ಹೋಗಿ, 'ನಿಮ್ಮಂಥ ಮೈ ನಮ್ಮ ಡಾಕ್ಟ್ರು ಇನ್ನೂ ನೋಡಿರಲಿಕ್ಕಿಲ್ಲ ಬಿಡ್ರಿ' ಎಂದೆ. ಅವರಿಗೆ ಅಷ್ಟು ಸಾಕು. ಪರೀಕ್ಷೆಗೆ ಗೊತ್ತುಮಾಡಿದ ದಿನ ಜರಿ ಅಂಚಿನ ಧೋತರ ಉಟ್ಟು, ಹೊಸ ರುಮಾಲು ಸುತ್ತಿ, ಸಾಕ್ಷಿಗೆಂದು ಗರಡಿಯ ಹಳೆಯ ಗೆಳೆಯರಿಬ್ಬರನ್ನು ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ದಾವಣಗೆರೆಗೆ ಬಂದಿಳಿದರು.

ಎದೆ ಅಳೆಯುವಾಗ ಟೇಪು ಸಾಲದೆ ಹೋಯಿತು. ಗೆಳೆಯರು ಭೇಷ್ ಎಂದರು. ಆಮೇಲೆ ಡಾಕ್ಟರು ಅವರ ಮೂತ್ರವನ್ನು ಒಂದು ಗಾಜಿನ ಕೊಳವೆಯಲ್ಲಿ ನೀಲಿ ಔಷಧದ ಜೊತೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಗೆಳೆಯರು ಅದಕ್ಕೂ ಭೇಷ್ ಎಂದರು. ಡಾಕ್ಟರು ಮಾತ್ರ ಕನ್ನಡಕ ತೆಗೆದು, 'ಯಜಮಾನ್ರೆ, ನಿಮಗೆ ಸಕ್ಕರೆ ಕಾಯಿಲೆ ಐತೆ, ಬಹಳ ಐತೆ. ಪಾಲಿಸಿ ಕೊಡಾಕಾಗಲ್ಲ. ಇವತ್ತಿಂದ ಸಿಹಿ ಮುಟ್ಟಬ್ಯಾಡ್ರಿ' ಎಂದರು.

'ಬೆಲ್ಲದ ವ್ಯಾಪಾರ ಮಾಡೋನ ಮೈಯಾಗೆ ಸಿಹಿ ಇರದೆ ಬೇವು ಇರ್ತೈತೇನ್ರಿ?' ಎಂದು ಅವರು ಗುಡುಗಿದರು. ಆದರೆ ಹೊಸ ರುಮಾಲನ್ನು ತಲೆಗೆ ಸುತ್ತದೆ ಕಂಕುಳಲ್ಲಿ ಇಟ್ಟುಕೊಂಡರು. ಗೆಳೆಯರು ಗೋಡೆ ನೋಡುತ್ತಾ ನಿಂತರು. ಹರಿಹರಕ್ಕೆ ಈ ಸುದ್ದಿ ಅವರಿಗಿಂತ ಮೊದಲು ಮುಟ್ಟುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವರು ನನ್ನ ಕಡೆ ತಿರುಗಿದರು. 'ನಿನ್ನ ಹೆಸರಿನ್ಯಾಗೆ ಪಾಲಿಸಿ ಐತೇನೋ?'

ಇರಲಿಲ್ಲ. ಊರಿಗೆಲ್ಲ ಮಾರಿದವನಿಗೆ ತನ್ನದೊಂದು ಕೊಳ್ಳುವ ಶಕ್ತಿ ಇರಲಿಲ್ಲ.

'ಹೆಣ್ಣು ಕೊಡೋ ಮುಂಚೆ ಹೆಣ್ಣಿನಪ್ಪನ ಮೈ ನೋಡ್ಸಿದ್ಯಲ್ಲ, ಈಗ ಗಂಡಿನ ಮೈ ನೋಡಾಣ. ನಡಿ ಒಳಗೆ.'

ಡಾಕ್ಟರು ನಗು ತಡೆದುಕೊಂಡು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಅಲುಗಿತು ಎನ್ನಬಹುದು. ಎದೆಗೆ ಟೇಪು ಸುತ್ತಿ, 'ಉಸಿರು ಎಳಕೊಳ್ಳಿ' ಎಂದರು.

'ಎಳಕೊಂಡೀನ್ರಿ.'

'ಎಳಕೊಂಡಿದ್ದು ಇದೇನಾ?'

ಒಂದು ವರ್ಷ ಮಂಡಕ್ಕಿ ತಿಂದುಕೊಂಡು ಬಿಸಿಲಲ್ಲಿ ಪೇಟೆ ಸುತ್ತಿದ್ದರ ಫಲ ಅದು. ತೂಕ ಸಾಲದು, ಎದೆ ಸಾಲದು, ಆರು ತಿಂಗಳು ಬಿಟ್ಟು ಬಂದರೆ ನೋಡೋಣ ಎಂದು ಡಾಕ್ಟರು ಬರೆದರು. ಊರಿನ ಡೊಳ್ಳೊಟ್ಟೆಗಳೆಲ್ಲ ಫಸ್ಟ್ ಕ್ಲಾಸಾಗಿ, ಅವುಗಳನ್ನು ಕರೆತಂದ ನಾನೇ ಫೇಲಾಗಿದ್ದೆ. ಬಾಗಿಲಲ್ಲಿ ನಿಂತ ಬೆಲ್ಲದ ವ್ಯಾಪಾರಿಯ ಮುಖದಲ್ಲಿ ಅವತ್ತಿನ ಮೊದಲ ನಗು ಕಂಡಿತು.

ಮುಂದಿನ ವಾರ ನಮ್ಮ ತಂದೆ, ಸೋದರಮಾವ, ನಾನು ಹರಿಹರಕ್ಕೆ ಹೋದೆವು. 'ಸರ್ಕಾರನೇ ಬ್ಯಾಡ ಅಂದ ಗಂಡಿಗೆ ನನ್ನ ಮಗಳನ್ನ ಹೆಂಗ್ರಿ ಕೊಡ್ಲಿ?' ಎಂದು ಅವರು ಶುರು ಮಾಡಿದರು. ನಮ್ಮ ತಂದೆ ಅಡತಿ ಅಂಗಡಿಯಲ್ಲಿ ಜೀವಮಾನವೆಲ್ಲ ತಲೆ ತಗ್ಗಿಸಿ ಲೆಕ್ಕ ಬರೆದವರು, ಜೋರಾಗಿ ಕೆಮ್ಮಿದ್ದನ್ನೂ ನಾನು ಕೇಳಿರಲಿಲ್ಲ. ಅಂಥವರು ಅವತ್ತು, 'ಸಕ್ಕರೆ ಕಾಯಿಲೆ ಇರೋ ಮನೆತನದಾಗೆ ಹೆಣ್ಣು ತರಬೇಕೋ ಬ್ಯಾಡೋ ಅಂತ ನಾವೂ ಯೋಚನೆ ಮಾಡ್ಬೇಕಾಗೈತ್ರಿ' ಎಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ಸೋದರಮಾವ ಚಪ್ಪಲಿ ಹುಡುಕತೊಡಗಿದರು. ಊರನ್ನೆಲ್ಲ ಒಪ್ಪಿಸಿದ ನಾನು ಅವರ ಒಂದು ಚಪ್ಪಲಿಯನ್ನು ಕಾಲಿನಿಂದ ಬಾಗಿಲ ಹಿಂದೆ ಸರಿಸಿದೆ.

ಹುಡುಗಿ ಚಹಾದ ಲೋಟ ತೆಗೆಯಲು ಹೊರಗೆ ಬಂದಳು. ಬಗ್ಗಿ ಲೋಟಗಳನ್ನು ಎತ್ತಿಕೊಂಡು, ತಂದೆಯ ಕಡೆ ನೋಡದೆಯೇ ಹೇಳಿದಳು.

'ಅಪ್ಪಾಜಿ, ಅವರು ಫೇಲಾಗಿದ್ದು ಉಣ್ಣದೆ. ನೀವು ಫೇಲಾಗಿದ್ದು ತಿಂದು. ಅವರಿಗೆ ಹೊಟ್ಟಿ ತುಂಬ ಹಾಕಿದ್ರೆ ಸರಿ ಹೋಗ್ತಾರೆ. ನಿಮ್ಮ ಕೈಯಾಗಿನ ಬೆಲ್ಲ ಬಿಡ್ಸಾಕ ಇಷ್ಟು ವರ್ಷದಾಗೆ ಯಾರಿಗಾದ್ರೂ ಆಗೈತೇನು?'

ಒಳಗೆ ಹೋಗಿಬಿಟ್ಟಳು. ಅವಳ ತಂದೆ ತಮ್ಮ ಅಂಗೈಯನ್ನು ನೋಡಿಕೊಂಡರು. ಕೊನೆಗೆ, 'ಡಾಕ್ಟ್ರು ಆರು ತಿಂಗಳು ಅಂದಾರಲ್ಲ, ಆರು ತಿಂಗಳು ನೋಡಾಣ. ಪಾಸಾದ್ರೆ ಅಕ್ಷತೆ. ಇಲ್ಲಾಂದ್ರೆ ಮೇಷ್ಟ್ರು' ಎಂದರು. ಸೋದರಮಾವ ಚಪ್ಪಲಿ ಬಿಟ್ಟು ಮತ್ತೆ ಬಂದು ಕೂತರು.

ಆ ಶನಿವಾರವೇ ಹುಡುಗಿಯ ತಂದೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಹಿತ್ತಾಳೆಯ ಟಿಫಿನ್ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ತುಪ್ಪ, ನಡುವೆ ರೊಟ್ಟಿ ಪಲ್ಯ, ಕೆಳಗೆ ಮಗಳು ಮಾಡಿದ ಹೋಳಿಗೆ. ಅಲ್ಲಿಂದ ಮುಂದೆ ಶನಿವಾರ ತಪ್ಪಲಿಲ್ಲ. ಬಂದು ನನ್ನ ಎದುರಿಗೆ ಕೂತು, ನಾನು ತಿನ್ನುವುದನ್ನು ನೋಡುತ್ತಿದ್ದರು. 'ಹೆಂಗೈತೆ?' ಎನ್ನುವರು. 'ಚಲೋ ಐತ್ರಿ.' 'ಸಿಹಿ ಸಾಕಾ?' 'ಸಾಕ್ರಿ.' ಹೋಳಿಗೆಯ ತುಂಡು ನನ್ನ ಬಾಯಿಗೆ ಹೋಗುವ ತನಕ ಅವರ ಕಣ್ಣು ಅದರ ಹಿಂದೆಯೇ ಬರುತ್ತಿತ್ತು. ಒಂದು ತುಣುಕು ತಗೊಳ್ಳಿ ಎಂದು ನಮ್ಮ ತಾಯಿ ಒಮ್ಮೆ ಉಪಚಾರಕ್ಕೆ ಅಂದಾಗ ಮುಖ ಆ ಕಡೆ ತಿರುಗಿಸಿಕೊಂಡರು. ಬೇರೆಯವರ ಕಣ್ಣೆದುರು ತಿನ್ನುವುದು ಇಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ನಾನು ತುಂಬಿಕೊಳ್ಳುತ್ತಾ ಬಂದೆ. ಅವರ ಅಂಗಿ ಹೆಗಲ ಮೇಲೆ ಸಡಿಲವಾಗುತ್ತಾ ಬಂತು.

ಆರು ತಿಂಗಳಾದ ಮೇಲೆ ಡಾಕ್ಟರು ನನ್ನನ್ನು ಪಾಸು ಮಾಡಿದರು. ಫಸ್ಟ್ ಕ್ಲಾಸ್ ಅನ್ನಲಿಲ್ಲ, 'ಪರವಾಗಿಲ್ಲ' ಎಂದರು. ಮದುವೆಯ ದಿನ ಗೊತ್ತಾಯಿತು. ಪಾಲಿಸಿಯ ಮೊದಲ ಕಂತು ಕಟ್ಟಿದೆ. ಇನ್ನು ಶನಿವಾರದ ಕಾಟ ತಪ್ಪಿತು ಎಂದುಕೊಂಡಿದ್ದರೆ, ಆ ಶನಿವಾರವೂ ಕ್ಯಾರಿಯರ್ ಹಿಡಿದು ಬಂದೇ ಬಂದರು.

'ಪಾಸಾತಲ್ರಿ ಮಾವಾರೆ. ಇನ್ನ್ಯಾಕ ಬರಾಕ ಹೋದ್ರಿ ಬಿಸಿಲಾಗೆ?' ಎಂದೆ.

ಅವರು ಡಬ್ಬಿ ಬಿಚ್ಚಿ ಹೋಳಿಗೆ ನನ್ನ ತಟ್ಟೆಗೆ ಇಟ್ಟರು. 'ನನ್ನ ಜೀವಕ್ಕೆ ಯಾರೂ ಜವಾಬ್ದಾರಿ ಹೊರಲ್ಲ ಅಂದುಬಿಟ್ರಲ್ಲೋ ತಮ್ಮಾ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಹುಡುಗಿ ಗತಿ ಏನು ಅಂತ. ಈಗ ನಿನ್ನ ಜೀವದ ಜವಾಬ್ದಾರಿ ಸರ್ಕಾರ ಹೊತ್ತೈತೆ. ಅದನ್ನ ಗಟ್ಟಿ ಇಟ್ಕಾ. ಇಬ್ಬರಾಗೆ ಒಬ್ಬರಾದ್ರೂ ಆಕಿಗೆ ಬೇಕಲ್ಲ.'

ಪೇಟೆಯ ಇಷ್ಟು ಅಂಗಡಿ ಹತ್ತಿ ಇಳಿದು ನಾನು ಯಾರಿಗೂ ತಿಳಿಸಿ ಹೇಳಲಾರದ ಮಾತನ್ನು ಪಾಲಿಸಿ ಸಿಗದ ಮನುಷ್ಯರೊಬ್ಬರು ನಮ್ಮ ಹಜಾರದಲ್ಲಿ ಕೂತು ನನಗೇ ಹೇಳುತ್ತಿದ್ದರು. ನನಗೆ ಅಳು ಬಂತು. ಅವರು ಅದನ್ನು ಕಂಡು, ಕಂಡಿಲ್ಲವೆಂಬಂತೆ ತುಪ್ಪದ ಡಬ್ಬಿ ನನ್ನ ಕಡೆ ಸರಿಸಿದರು.

'ಸಿಹಿ ಸಾಕಾ?' ಎಂದರು.

ಹೊಟ್ಟೆ ತುಂಬಿತ್ತು. 'ಇನ್ನೊಂದು ಹಾಕ್ರಿ' ಎಂದೆ.